ಸಂಗಾತಿ ವೀಸಾಕ್ಕೆ ಪೊಲೀಸ್ ಪತ್ರ: ಎಲ್ಲಿ, ಹೇಗೆ, ಯಾವಾಗ?

ಬೆಂಗಳೂರು: ಮದುವೆ ಮಂಟಪದಲ್ಲಿ ವಧೂವರರ ನಡುವೆ ಹಿಡಿಯುವ ಅಂತರಪಟ ಕೆಲವೇ ನಿಮಿಷಗಳಲ್ಲಿ ಸರಿಯುತ್ತದೆ. ಮದುವೆಯಾದ ಮೇಲೆ ಒಬ್ಬರು ಹೊರದೇಶಕ್ಕೆ ಮರಳಿ, ಇನ್ನೊಬ್ಬರು ಇಲ್ಲಿಯೇ ಉಳಿದಾಗ ಇಬ್ಬರ ನಡುವೆ ಬೀಳುವ ಕಾಗದಪತ್ರಗಳ ಪರದೆ ಸರಿಯಲು ಮಾತ್ರ ತಿಂಗಳುಗಳೇ ಬೇಕಾಗುತ್ತವೆ. ಆ ಕಾಗದಗಳಲ್ಲಿ ಅತ್ಯಂತ ಚಿಕ್ಕದೂ, ಅನೇಕ ವೇಳೆ ಅತ್ಯಂತ ತಡವಾಗಿ ನೆನಪಾಗುವುದೂ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ಪಿಸಿಸಿ.

ಹೆಸರಿನಲ್ಲಷ್ಟೇ ಗಂಧದ ಮರಗಳನ್ನು ಉಳಿಸಿಕೊಂಡಿರುವ ಪಶ್ಚಿಮ ಬೆಂಗಳೂರಿನ ಶ್ರೀಗಂಧದ ಕಾವಲ್ ಇಂದು ಮಾಗಡಿ ರಸ್ತೆ, ಸುಂಕದಕಟ್ಟೆ, ನಾಗರಭಾವಿಗಳ ನಡುವೆ ಬೆಳೆದ ದಟ್ಟ ವಸತಿ ಪ್ರದೇಶ. ಇಲ್ಲಿನ ಹಾಗೂ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಮನೆಗಳಿಂದ ಮಗಳನ್ನೋ ಸೊಸೆಯನ್ನೋ ಹೊರದೇಶಕ್ಕೆ ಕಳುಹಿಸುವವರಿಗೆ ಈ ಪತ್ರದ ಬಗೆಗೆ ಇರಬೇಕಾದ ತಿಳಿವಳಿಕೆಯನ್ನು ಇಲ್ಲಿ ಕ್ರೋಡೀಕರಿಸಲಾಗಿದೆ.

ಏನಿದು ಪತ್ರ?

ಅರ್ಜಿದಾರರ ವಿರುದ್ಧ ವೀಸಾ ನೀಡಿಕೆಗೆ ಅಡ್ಡಿಯಾಗುವಂತಹ ಪ್ರತಿಕೂಲ ಮಾಹಿತಿ ದಾಖಲೆಗಳಲ್ಲಿ ಇಲ್ಲವೆಂದು ಅಧಿಕಾರಸ್ಥರು ನೀಡುವ ಹೇಳಿಕೆಯೇ ಪಿಸಿಸಿ. ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ವಿದೇಶಾಂಗ ಸಚಿವಾಲಯದ ಅಧೀನದಲ್ಲಿರುವ ಪಾಸ್‌ಪೋರ್ಟ್ ಕಚೇರಿ, ಪೊಲೀಸರ ವರದಿಯನ್ನು ಆಧರಿಸಿ ಇದನ್ನು ನೀಡುತ್ತದೆ. ಹೊರದೇಶದಲ್ಲಿ ನೆಲೆಸುವ ಹಕ್ಕು, ಉದ್ಯೋಗ, ದೀರ್ಘಾವಧಿ ವೀಸಾ ಅಥವಾ ವಲಸೆಗಾಗಿ ಅರ್ಜಿ ಸಲ್ಲಿಸಿದವರಿಗೆ ಮಾತ್ರ ಪಿಸಿಸಿ ದೊರೆಯುತ್ತದೆ. ಪ್ರವಾಸಿ ವೀಸಾದಲ್ಲಿ ಹೋಗುವವರಿಗೆ ಇದನ್ನು ಕೊಡುವುದಿಲ್ಲ.

ಇಲ್ಲಿ ಒಂದು ಗೊಂದಲವನ್ನು ಮೊದಲೇ ನಿವಾರಿಸಿಕೊಳ್ಳುವುದು ಒಳ್ಳೆಯದು. ಕರ್ನಾಟಕ ಸರ್ಕಾರದ ಸೇವಾ ಸಿಂಧು ತಾಣದ ಮೂಲಕವೂ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಸಿಗುತ್ತದೆ. ಅದು ಮುಖ್ಯವಾಗಿ ಸ್ಥಳೀಯ ಉದ್ಯೋಗದಂತಹ ಅಗತ್ಯಗಳಿಗೆ ಬಳಕೆಯಾಗುವ ಪತ್ರ. ಕೆನಡಾ, ಅಮೆರಿಕದಂತಹ ದೇಶಗಳು ಭಾರತೀಯರಿಂದ ಬಯಸುವುದು ಪಾಸ್‌ಪೋರ್ಟ್ ಕಚೇರಿಯ ಪಿಸಿಸಿಯನ್ನು. ಒಂದರ ಬದಲು ಇನ್ನೊಂದನ್ನು ಲಗತ್ತಿಸಿದರೆ ಕಾದ ದಿನಗಳೆಲ್ಲ ವ್ಯರ್ಥ.

ಯಾವ ದೇಶಕ್ಕೆ ಯಾವ ಲೆಕ್ಕ?

ಎಷ್ಟು ದೇಶಗಳ ಪೊಲೀಸ್ ಪತ್ರ ಬೇಕೆಂಬುದು, ಹೋಗಬೇಕಾದ ದೇಶದ ನಿಯಮವನ್ನು ಅವಲಂಬಿಸಿದೆ. ಮೂರು ಪ್ರಮುಖ ದೇಶಗಳ ನಿಯಮಗಳು ಮೇಲುನೋಟಕ್ಕೆ ಒಂದೇ ತೆರನಾಗಿ ಕಂಡರೂ ಒಳಗೆ ವ್ಯತ್ಯಾಸವಿದೆ.

ಆಸ್ಟ್ರೇಲಿಯ: ಸಂಗಾತಿ ವೀಸಾ ಕೋರುವವರು ಹದಿನಾರು ವರ್ಷ ತುಂಬಿದ ನಂತರ, ಕಳೆದ ಹತ್ತು ವರ್ಷಗಳಲ್ಲಿ ಒಟ್ಟು 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಇದ್ದ ಪ್ರತಿಯೊಂದು ದೇಶದ ಪತ್ರವನ್ನು ಸಲ್ಲಿಸಬೇಕು. ‘ಒಟ್ಟು’ ಎಂಬ ಮಾತನ್ನು ಗಮನಿಸಬೇಕು. ಹೋಗಿಬಂದು ಮಾಡಿದ ದಿನಗಳೂ ಕೂಡಿಕೊಳ್ಳುತ್ತವೆ. ಹೊರಗಿನಿಂದ ಅರ್ಜಿ ಹಾಕುವವರಿಗೆ 309 ಮತ್ತು 100, ಆಸ್ಟ್ರೇಲಿಯದ ಒಳಗಿದ್ದು ಅರ್ಜಿ ಹಾಕುವವರಿಗೆ 820 ಮತ್ತು 801, ಮದುವೆ ನಿಶ್ಚಯವಾದವರಿಗೆ 300 ಎಂಬ ಸಂಖ್ಯೆಯ ವೀಸಾಗಳಿವೆ.

ಕೆನಡಾ: ಹದಿನೆಂಟು ವರ್ಷ ತುಂಬಿದ ನಂತರ, ಕಳೆದ ಹತ್ತು ವರ್ಷಗಳಲ್ಲಿ ಸತತವಾಗಿ ಆರು ತಿಂಗಳು ಅಥವಾ ಹೆಚ್ಚು ಕಾಲ ವಾಸವಿದ್ದ ದೇಶಗಳ ಪತ್ರ ಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಸತತ ವಾಸ.

ಅಮೆರಿಕ: ಹದಿನಾರು ವರ್ಷ ಮೀರಿದವರು ತಮ್ಮ ಪೌರತ್ವದ ದೇಶದಲ್ಲಿ ಹಾಗೂ ಈಗ ವಾಸಿಸುತ್ತಿರುವ ದೇಶದಲ್ಲಿ ಆರು ತಿಂಗಳಿಗಿಂತ ಹೆಚ್ಚು ಇದ್ದರೆ ಅವುಗಳ ಪತ್ರ ಬೇಕು. ಹಿಂದೆ ಇದ್ದು ಬಂದ ಬೇರೆ ದೇಶಗಳಿಗೆ ಒಂದು ವರ್ಷದ ಮಿತಿ. ಎಲ್ಲಿಯಾದರೂ ಬಂಧನಕ್ಕೆ ಒಳಗಾಗಿದ್ದರೆ, ಅಲ್ಲಿ ಇದ್ದುದು ಎಷ್ಟೇ ದಿನವಾಗಿದ್ದರೂ ಆ ಸ್ಥಳದ ಪತ್ರ ಕಡ್ಡಾಯ.

ಉದಾಹರಣೆಗೆ, ಶ್ರೀಗಂಧದ ಕಾವಲಿನ ಗೃಹಿಣಿಯೊಬ್ಬರು ಮದುವೆಗೆ ಮುನ್ನ 2019ರಿಂದ 2022ರವರೆಗೆ ದುಬೈನಲ್ಲಿ, 2023ರಲ್ಲಿ ಸತತ ಎಂಟು ತಿಂಗಳು ಸಿಂಗಪುರದಲ್ಲಿ ಕೆಲಸ ಮಾಡಿದ್ದರು ಎಂದುಕೊಳ್ಳೋಣ. ಅವರ ಪತಿ ಆಸ್ಟ್ರೇಲಿಯದಲ್ಲಿದ್ದರೆ ಭಾರತ ಮತ್ತು ಸಂಯುಕ್ತ ಅರಬ್ ಸಂಸ್ಥಾನದ ಪತ್ರಗಳು ಸಾಕು. ಪತಿ ಅಮೆರಿಕದಲ್ಲಿದ್ದರೂ ಅಷ್ಟೇ. ಕೆನಡಾದಲ್ಲಿದ್ದರೆ ಮಾತ್ರ ಸಿಂಗಪುರದ್ದೂ ಸೇರಿ ಮೂರು ಬೇಕಾಗುತ್ತದೆ. ನೆರೆಮನೆಯವರಿಗೆ ಎರಡೇ ಸಾಕಾಯಿತೆಂದು ತಮಗೂ ಅಷ್ಟೇ ಸಾಕೆಂದು ಕುಳಿತರೆ ಕೆಲಸ ಕೆಡುತ್ತದೆ.

ಭಾರತದ ಪಿಸಿಸಿ: ಅರ್ಜಿಯ ಹಾದಿ

ಪಾಸ್‌ಪೋರ್ಟ್ ಸೇವಾ ತಾಣದಲ್ಲಿ ಹೆಸರು ನೋಂದಾಯಿಸಿಕೊಂಡು, ಪಿಸಿಸಿ ಅರ್ಜಿಯನ್ನು ಭರ್ತಿ ಮಾಡಿ, 500 ರೂಪಾಯಿ ಶುಲ್ಕವನ್ನು ಆನ್‌ಲೈನ್‌ನಲ್ಲೇ ಪಾವತಿಸಿ ದಿನಾಂಕ ಗೊತ್ತುಪಡಿಸಿಕೊಳ್ಳಬೇಕು. ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ ಕೋರಮಂಗಲದಲ್ಲಿದೆ. ಆದರೆ ಅರ್ಜಿದಾರರು ಹೋಗಬೇಕಾದುದು ಅಲ್ಲಿಗಲ್ಲ, ತಾವು ಆಯ್ದುಕೊಂಡ ಸೇವಾ ಕೇಂದ್ರಕ್ಕೆ. ಕೇಂದ್ರದ ವಿಳಾಸವನ್ನು ಹಳೆಯ ನೆನಪಿನ ಮೇಲೆ ನಂಬದೆ, ಕೈಗೆ ಬಂದ ರಸೀದಿಯಲ್ಲಿ ನೋಡಿಕೊಂಡೇ ಹೊರಡುವುದು ಕ್ಷೇಮ. 2022ರ ಸೆಪ್ಟೆಂಬರ್ 28ರಿಂದ ಅಂಚೆ ಕಚೇರಿಗಳಲ್ಲಿನ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿಯೂ ಪಿಸಿಸಿಗೆ ಅರ್ಜಿ ಸಲ್ಲಿಸಲು ಅವಕಾಶ ಕಲ್ಪಿಸಲಾಗಿದೆ.

ಒಯ್ಯಬೇಕಾದ ದಾಖಲೆಗಳು ಇವು: ಮೂಲ ಪಾಸ್‌ಪೋರ್ಟ್, ಅದರ ಮೊದಲ ಎರಡು ಹಾಗೂ ಕೊನೆಯ ಎರಡು ಪುಟಗಳ ಸ್ವಯಂ ದೃಢೀಕೃತ ಪ್ರತಿ, ಇಸಿಆರ್ ಅಥವಾ ನಾನ್ ಇಸಿಆರ್ ನಮೂದು ಮತ್ತು ಪಾಸ್‌ಪೋರ್ಟ್ ಅಧಿಕಾರಿಯ ವಿಶೇಷ ನಮೂದು ಇದ್ದರೆ ಆ ಪುಟಗಳ ಪ್ರತಿ, ವಿಳಾಸ ಬದಲಾಗಿದ್ದರೆ ಈಗಿನ ವಿಳಾಸದ ಪುರಾವೆ, ದೀರ್ಘಾವಧಿ ವೀಸಾ ಅಥವಾ ವಲಸೆಗೆ ಅರ್ಜಿ ಹಾಕಿರುವುದನ್ನು ತೋರಿಸುವ ಕಾಗದ. ಸಂಗಾತಿ ವೀಸಾದ ಸಂದರ್ಭದಲ್ಲಿ ಅರ್ಜಿ ಸ್ವೀಕೃತಿಯ ಪತ್ರ ಅಥವಾ ಪಿಸಿಸಿ ಸಲ್ಲಿಸುವಂತೆ ಆ ದೇಶದ ಇಲಾಖೆ ಕಳುಹಿಸಿದ ಸೂಚನೆ ಈ ಕೊನೆಯ ಅಗತ್ಯವನ್ನು ಪೂರೈಸಬಲ್ಲದು. ವಿವಾಹ ನೋಂದಣಿ ಪತ್ರದ ಪ್ರತಿಯೊಂದು ಜೊತೆಗಿದ್ದರೆ ನಷ್ಟವಿಲ್ಲ.

ಅರ್ಜಿಯಲ್ಲಿ ಯಾವ ದೇಶಕ್ಕಾಗಿ ಪತ್ರ ಬೇಕೆಂದು ನಮೂದಿಸಬೇಕು. ಪಿಸಿಸಿಯಲ್ಲಿ ಆ ದೇಶದ ಹೆಸರು ಅಚ್ಚಾಗುತ್ತದೆ. ಕೆನಡಾ ಎಂದು ಪಡೆದ ಪತ್ರವನ್ನು ಆಸ್ಟ್ರೇಲಿಯಕ್ಕೆ ಬಳಸಲು ಹೊರಡುವುದು ತೊಂದರೆಗೆ ದಾರಿ.

ವಿಳಾಸದ ತೊಡಕು

ಕೇಂದ್ರದಲ್ಲಿ ದಾಖಲೆ ಪರಿಶೀಲನೆ ಮುಗಿದ ಮೇಲೆ ಪೊಲೀಸ್ ವರದಿಯ ಸರದಿ. ಪಾಸ್‌ಪೋರ್ಟ್ ಪಡೆಯುವಾಗ ನಡೆದ ಪರಿಶೀಲನೆ ಇತ್ತೀಚಿನದಾಗಿದ್ದು, ವಿಳಾಸವೂ ಬದಲಾಗದೆ ಇದ್ದರೆ ಪತ್ರ ಬೇಗನೆ ದೊರೆಯುವ ಸಂಭವವಿದೆ. ಹಾಗಲ್ಲದಿದ್ದಲ್ಲಿ ಕಡತ ಸ್ಥಳೀಯ ಠಾಣೆಗೆ ಹೋಗುತ್ತದೆ. ಠಾಣೆಯ ಸಿಬ್ಬಂದಿ ಮನೆಗೆ ಬರಬಹುದು, ಇಲ್ಲವೇ ಮೂಲ ದಾಖಲೆಗಳೊಡನೆ ಠಾಣೆಗೆ ಬರಹೇಳಬಹುದು.

ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಅನೇಕರು ಎಡವುವುದು ಇಲ್ಲಿಯೇ. ಹೊಸ ಬಡಾವಣೆಗಳಲ್ಲಿ ಒಂದೇ ಹೆಸರಿನ ಅಡ್ಡರಸ್ತೆಗಳು ಹಲವು. ಒಂದು ರಸ್ತೆ ದಾಟಿದರೆ ಠಾಣಾ ಸರಹದ್ದೇ ಬೇರೆಯಾಗಬಹುದು. ಅರ್ಜಿ ತುಂಬುವ ಮುನ್ನ ತಮ್ಮ ಮನೆ ಯಾವ ಠಾಣೆಯ ವ್ಯಾಪ್ತಿಗೆ ಸೇರುತ್ತದೆಂದು ವಿಚಾರಿಸಿಕೊಳ್ಳಬೇಕು. ಮನೆ ಸಂಖ್ಯೆ, ಅಡ್ಡರಸ್ತೆ, ಹತ್ತಿರದ ಗುರುತು, ಪಿನ್‌ಕೋಡ್ ಎಲ್ಲವನ್ನೂ ಪುರಾವೆಯಲ್ಲಿರುವಂತೆಯೇ ಬರೆಯಬೇಕು. ತಪ್ಪು ಠಾಣೆಗೆ ಹೋದ ಕಡತ ಹಿಂದಿರುಗಿ ಬರುವಷ್ಟರಲ್ಲಿ ದಿನಗಳು ಸರಿದಿರುತ್ತವೆ.

ಮದುವೆಯಾದ ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಸಂದಿಗ್ಧವಿದೆ. ಪಾಸ್‌ಪೋರ್ಟ್‌ನಲ್ಲಿ ತವರಿನ ವಿಳಾಸ, ವಾಸ ಅತ್ತೆಯ ಮನೆಯಲ್ಲಿ. ವಾಸ್ತವವಾಗಿ ಎಲ್ಲಿದ್ದಾರೆಯೋ ಅದನ್ನೇ ಈಗಿನ ವಿಳಾಸವಾಗಿ ತೋರಿಸಬೇಕು. ಪರಿಶೀಲನೆಗೆ ಬಂದ ದಿನ ‘ಅವರು ಇಲ್ಲಿಲ್ಲ’ ಎಂಬ ಉತ್ತರ ದೊರೆತರೆ ವರದಿ ಪ್ರತಿಕೂಲವಾಗುತ್ತದೆ. ಪಾಸ್‌ಪೋರ್ಟ್‌ನಲ್ಲಿಯೇ ವಿಳಾಸ ಅಥವಾ ಹೆಸರು ಬದಲಿಸುವ ಇರಾದೆಯಿದ್ದರೆ ಅದನ್ನು ಮೊದಲು ಮುಗಿಸಬೇಕು. ಪಿಸಿಸಿಯಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಇರುತ್ತದೆ. ಪಿಸಿಸಿ ಪಡೆದ ನಂತರ ಹೊಸ ಪಾಸ್‌ಪೋರ್ಟ್ ಮಾಡಿಸಿದರೆ ಎರಡರ ಸಂಖ್ಯೆಗಳು ಹೊಂದುವುದಿಲ್ಲ.

ಇನಿಷಿಯಲ್ ತಂದಿಡುವ ಫಜೀತಿ

ಕನ್ನಡಿಗರ ಹೆಸರಿನ ಮುಂದೆ ಊರಿನದೊಂದು, ತಂದೆಯದೊಂದು ಅಕ್ಷರ ಇರುವುದು ವಾಡಿಕೆ. ಅಂಕಪಟ್ಟಿಯಲ್ಲಿ ಅಕ್ಷರ ಮಾತ್ರ, ಪಾಸ್‌ಪೋರ್ಟ್‌ನಲ್ಲಿ ಅದರ ವಿಸ್ತೃತ ರೂಪ, ಆಧಾರ್‌ನಲ್ಲಿ ಅಕ್ಷರವೇ ಇಲ್ಲ, ಮದುವೆಯ ನಂತರದ ಬ್ಯಾಂಕ್ ಖಾತೆಯಲ್ಲಿ ಗಂಡನ ಹೆಸರು: ಹೀಗೆ ಒಬ್ಬರೇ ನಾಲ್ವರಾಗುತ್ತಾರೆ. ವೀಸಾ ಅಧಿಕಾರಿಗೆ ಇದು ನಮ್ಮ ಸಂಪ್ರದಾಯವೆಂದು ತಾನಾಗಿ ತಿಳಿಯುವುದಿಲ್ಲ. ಆದಕಾರಣ ವೀಸಾ ಅರ್ಜಿ, ಪಿಸಿಸಿ ಎರಡರಲ್ಲೂ ಪಾಸ್‌ಪೋರ್ಟ್‌ನಲ್ಲಿರುವ ರೂಪವನ್ನೇ ಅಕ್ಷರಶಃ ಅನುಸರಿಸಿ, ಉಳಿದ ರೂಪಗಳನ್ನು ‘ಇತರ ಹೆಸರುಗಳು’ ಎಂಬ ಅಂಕಣದಲ್ಲಿ ತಪ್ಪದೆ ನಮೂದಿಸಬೇಕು. ಮದುವೆಯಾದೊಡನೆ ಹೆಣ್ಣು ಹೆಸರು ಬದಲಿಸಿಕೊಳ್ಳಲೇಬೇಕೆಂಬ ಕಾನೂನು ಇಲ್ಲ. ಹಳೆಯ ಹೆಸರಿನ ಪಾಸ್‌ಪೋರ್ಟ್ ಮತ್ತು ವಿವಾಹ ನೋಂದಣಿ ಪತ್ರ, ಇವೆರಡರಿಂದ ಸಂಬಂಧವನ್ನು ಸ್ಥಾಪಿಸಬಹುದು.

ಹೊರದೇಶದ ಪತ್ರ, ಬೆಂಗಳೂರಿನಿಂದಲೇ

ಹಿಂದೆ ಹೊರದೇಶದಲ್ಲಿ ದುಡಿದು ಬಂದವರು ಅಲ್ಲಿನ ಪತ್ರಕ್ಕಾಗಿ ಮತ್ತೆ ವಿಮಾನ ಏರಬೇಕಾಗಿಲ್ಲ. ಆದರೆ ಪ್ರತಿ ದೇಶದ ಪದ್ಧತಿಯೂ ಬೇರೆ.

ಬ್ರಿಟನ್‌ನ ಪತ್ರವನ್ನು ಆಕ್ರೊ ಎಂಬ ಅಪರಾಧ ದಾಖಲೆಗಳ ಕಚೇರಿ ನೀಡುತ್ತದೆ. ಅರ್ಜಿಯನ್ನು ಅಂತರ್ಜಾಲದ ಮೂಲಕ ಸಲ್ಲಿಸಬಹುದು. ಅಮೆರಿಕದಲ್ಲಿ ಇದ್ದವರು ಎಫ್‌ಬಿಐನಿಂದ ಗುರುತಿನ ಚರಿತ್ರೆಯ ಸಾರಾಂಶ ಪಡೆಯಬೇಕು. ಇದರ ಶುಲ್ಕ 18 ಡಾಲರ್. ಹತ್ತೂ ಬೆರಳುಗಳ ಅಚ್ಚು ಮೂಡಿಸಿದ ಹಾಳೆಯನ್ನು ಅಂಚೆಯಲ್ಲಿ ಕಳುಹಿಸಲು ಅವಕಾಶವಿದೆ. ಸಿಂಗಪುರ ಪೊಲೀಸರ ಪತ್ರಕ್ಕೆ 55 ಸಿಂಗಪುರ ಡಾಲರ್ ಶುಲ್ಕ. ಅಲ್ಲಿನ ಪ್ರಜೆಗಳಲ್ಲದವರು, ಬೇರೊಂದು ದೇಶದ ಸರ್ಕಾರ ಇದನ್ನು ಕೇಳಿದೆ ಎಂಬುದಕ್ಕೆ ಲಿಖಿತ ಆಧಾರ ಒದಗಿಸಬೇಕಾಗುತ್ತದೆ. ಜರ್ಮನಿಯಲ್ಲಿ ಬಾನ್ ನಗರದಲ್ಲಿರುವ ಕೇಂದ್ರ ನ್ಯಾಯ ಕಚೇರಿ 13 ಯೂರೊ ಶುಲ್ಕಕ್ಕೆ ಪತ್ರ ನೀಡುತ್ತದೆ. ಹೊರಗಿನಿಂದ ಅರ್ಜಿ ಹಾಕುವವರು ತಮ್ಮ ಗುರುತು ಹಾಗೂ ಸಹಿಯನ್ನು ದೃಢೀಕರಿಸಿ ಕಳುಹಿಸಬೇಕು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಇದ್ದವರು ಅಲ್ಲಿನ ಒಳಾಡಳಿತ ಸಚಿವಾಲಯ ಅಥವಾ ದುಬೈ ಪೊಲೀಸರ ಮೂಲಕ ಅರ್ಜಿ ಹಾಕುತ್ತಾರೆ. ದೇಶದ ಹೊರಗಿರುವವರಿಂದ ದೃಢೀಕರಿಸಿದ ಬೆರಳಚ್ಚು ಕೇಳುವುದುಂಟು. ಹಳೆಯ ಎಮಿರೇಟ್ಸ್ ಗುರುತಿನ ಚೀಟಿಯ ವಿವರ ಕೈಯಲ್ಲಿದ್ದರೆ ಕೆಲಸ ಹಗುರ.

ಬೆರಳಚ್ಚು ಬೇಕಾದೆಡೆ ಅದನ್ನು ಯಾರು ತೆಗೆಯಬೇಕು, ಯಾರ ಮೊಹರು ಇರಬೇಕು ಎಂಬ ಸೂಚನೆಯನ್ನು ಆ ದೇಶದ ಅರ್ಜಿಯಲ್ಲಿಯೇ ಓದಿಕೊಂಡು ಮುಂದುವರಿಯಬೇಕು. ಹೊಸದಾಗಿ ಮದುವೆಯಾದವರ ಕೈಯಲ್ಲಿ ಮೆಹಂದಿ ಇರುವುದು ಸಹಜ. ಬೆರಳ ತುದಿಯಲ್ಲಿ ಬಣ್ಣವಿದ್ದರೆ ರೇಖೆಗಳು ಸ್ಪಷ್ಟವಾಗಿ ಮೂಡದೆ ಹಾಳೆ ತಿರಸ್ಕೃತವಾಗಬಹುದು. ಬಣ್ಣ ಪೂರ್ತಿ ಮಾಸಿದ ಮೇಲೆ ಬೆರಳಚ್ಚು ಕೊಡುವುದು ಉತ್ತಮ.

ಇದಕ್ಕೆ ವ್ಯತಿರಿಕ್ತವಾಗಿ, ಹೊರದೇಶದಲ್ಲಿ ನೆಲೆಸಿರುವ ಭಾರತೀಯ ಪಾಸ್‌ಪೋರ್ಟ್‌ದಾರರು ಭಾರತದ ಪಿಸಿಸಿಗಾಗಿ ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ಮೂಲಕ ಅರ್ಜಿ ಸಲ್ಲಿಸಬಹುದು. ಸಂಗಾತಿಯು ವಿದೇಶಿ ಪ್ರಜೆಯಾಗಿದ್ದು ಬೆಂಗಳೂರಿನಲ್ಲಿ ವಾಸವಿದ್ದವರಾದರೆ ಅವರು ಸಂಪರ್ಕಿಸಬೇಕಾದುದು ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯನ್ನು; ಪಾಸ್‌ಪೋರ್ಟ್ ಸೇವಾ ಕೇಂದ್ರ ಅವರಿಗೆ ಸಂಬಂಧಿಸಿದ್ದಲ್ಲ.

ಕರೆಸಿಕೊಳ್ಳುವವರ ಪೂರ್ವಾಪರ

ಪೊಲೀಸ್ ತಪಾಸಣೆ ಎಂದರೆ ಇಲ್ಲಿಂದ ಹೋಗುವವರಿಗೆ ಮಾತ್ರವೆಂಬ ಭಾವನೆ ನಮ್ಮಲ್ಲಿದೆ. ಅದು ಸರಿಯಲ್ಲ. ಆಸ್ಟ್ರೇಲಿಯವು 2016ರ ನವೆಂಬರ್ 18ರಿಂದ ಸಂಗಾತಿಯನ್ನು ಕರೆಸಿಕೊಳ್ಳುವ ಪ್ರಾಯೋಜಕರಿಂದಲೂ ಪೊಲೀಸ್ ಪತ್ರ ಕೇಳುತ್ತದೆ. ಹಿಂಸೆಯಂತಹ ನಿರ್ದಿಷ್ಟ ಅಪರಾಧಗಳಲ್ಲಿ ಅವರಿಗೆ ಶಿಕ್ಷೆಯಾಗಿದ್ದರೆ ಆ ಸಂಗತಿಯನ್ನು ಅರ್ಜಿದಾರರಿಗೆ ತಿಳಿಸಲು ಪ್ರಾಯೋಜಕರು ಒಪ್ಪಿಗೆ ನೀಡಬೇಕು. ಅಮೆರಿಕದಲ್ಲಿ 2005ರ ಕಾಯ್ದೆಯೊಂದರ ಪ್ರಕಾರ, ನಿಶ್ಚಿತಾರ್ಥವಾದವರನ್ನು ಕರೆಸಿಕೊಳ್ಳುವವರು ಕೆಲವು ಬಗೆಯ ಅಪರಾಧಗಳ ಚರಿತ್ರೆಯನ್ನು ಬಹಿರಂಗಪಡಿಸಬೇಕು; ಅದು ಇಲ್ಲಿನ ವಧು ಅಥವಾ ವರನಿಗೆ ತಲುಪಬೇಕು. ಕುಟುಂಬದವರ ಮೇಲೆ ಹಿಂಸೆ ಎಸಗಿ ಶಿಕ್ಷೆಗೊಳಗಾದವರ ಪ್ರಾಯೋಜಕತ್ವಕ್ಕೆ ಕೆನಡಾದ ನಿಯಮಗಳಲ್ಲಿಯೂ ನಿರ್ಬಂಧವಿದೆ.

ದೂರದ ಊರಿಗೆ, ಬಂಧುಗಳಿಲ್ಲದ ಜಾಗಕ್ಕೆ ಮಗಳನ್ನು ಕಳುಹಿಸುವ ತಂದೆತಾಯಿಯರು ಜಾತಕದ ಜೊತೆಗೆ ಈ ಮಾಹಿತಿಯನ್ನೂ ಕೇಳಿ ತಿಳಿಯುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಈ ಪತ್ರವನ್ನು ಬರಿಯ ಅಡಚಣೆಯೆಂದು ಬಗೆಯಲಾಗದು. ಅದು ಒಂದು ರಕ್ಷಣೆಯೂ ಹೌದು.

ದಿನಾಂಕದ ಲೆಕ್ಕಾಚಾರ

ಪಿಸಿಸಿಯ ಆಯುಷ್ಯವನ್ನು ನಿರ್ಧರಿಸುವುದು ಅದನ್ನು ಸ್ವೀಕರಿಸುವ ದೇಶ. ಆಸ್ಟ್ರೇಲಿಯ ಅದನ್ನು ನೀಡಿದ ದಿನದಿಂದ 12 ತಿಂಗಳು ಮಾನ್ಯ ಮಾಡುತ್ತದೆ. ಅಮೆರಿಕದ ವಲಸೆ ವೀಸಾಕ್ಕೆ ಎರಡು ವರ್ಷ. ಹಿಂದೆ ಇದ್ದ ದೇಶದ ಪತ್ರ ಪಡೆದ ಮೇಲೆ ಅಲ್ಲಿಗೆ ಮತ್ತೆ ಹೋಗದಿದ್ದರೆ ಹೊಸದು ಬೇಕಿಲ್ಲ. ಕೆನಡಾಕ್ಕೆ, ಈಗ ವಾಸವಿರುವ ದೇಶದ ಪತ್ರ ಅರ್ಜಿ ಸಲ್ಲಿಸುವ ಮುಂಚಿನ ಆರು ತಿಂಗಳೊಳಗಿನದಾಗಿರಬೇಕು. ಉಳಿದ ದೇಶಗಳ ಪತ್ರ, ಅಲ್ಲಿನ ಕೊನೆಯ ವಾಸದ ನಂತರ ಪಡೆದದ್ದಾಗಿರಬೇಕು.

ಆದುದರಿಂದ ಕ್ರಮ ಹೀಗಿದ್ದರೆ ಅನುಕೂಲ: ಮೊದಲು ಪಾಸ್‌ಪೋರ್ಟ್‌ನ ತಿದ್ದುಪಡಿ, ಬಳಿಕ ಹೆಚ್ಚು ಕಾಲ ಹಿಡಿಯುವ ಹೊರದೇಶದ ಪತ್ರಗಳು, ಕೊನೆಗೆ ಭಾರತದ ಪಿಸಿಸಿ. ಮದುವೆಯ ಮರುದಿನವೇ ಅವಸರದಿಂದ ಪಿಸಿಸಿ ಪಡೆದಿಟ್ಟರೆ, ವೀಸಾ ತೀರ್ಮಾನದ ಹೊತ್ತಿಗೆ ಅದರ ಅವಧಿ ಮುಗಿದು ಮತ್ತೊಮ್ಮೆ ಅಲೆಯಬೇಕಾದೀತು. ಕೆಲವು ದೇಶಗಳು ಪತ್ರದ ಮೇಲೆ ಅಪೊಸ್ಟಿಲ್ ಮುದ್ರೆಯನ್ನೂ ಕೇಳುತ್ತವೆ. ಭಾರತವು 2005ರಿಂದ ಈ ಹೇಗ್ ಒಪ್ಪಂದದ ಸದಸ್ಯ ರಾಷ್ಟ್ರವಾಗಿದ್ದು, ಮುದ್ರೆ ನೀಡುವ ಅಧಿಕಾರ ವಿದೇಶಾಂಗ ಸಚಿವಾಲಯದ್ದು. ಅದಕ್ಕೂ ದಿನಗಳನ್ನು ಕಾದಿರಿಸಿಕೊಳ್ಳಬೇಕು.

ಪ್ರಕರಣವಿದ್ದರೆ?

ಠಾಣೆಯ ದಾಖಲೆಯಲ್ಲಿ ಪ್ರಕರಣ ಕಂಡುಬಂದರೆ ಪಿಸಿಸಿ ನಿಂತುಹೋಗಬಹುದು. ಹಳೆಯ ಜಗಳ, ಆಸ್ತಿ ವ್ಯಾಜ್ಯದ ದೂರು, ಮೊದಲ ಮದುವೆ ಮುರಿದಾಗ ದಾಖಲಾದ ಕಿರುಕುಳದ ಪ್ರಕರಣ ಇಂಥವು ವರ್ಷಗಳ ನಂತರ ಎದುರಾಗುತ್ತವೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅದಕ್ಕೆ ಮುಂಚಿನ ಪ್ರಕರಣಗಳು ಹಳೆಯ ದಂಡಸಂಹಿತೆಯ ಕಲಮುಗಳಡಿಯಲ್ಲೇ ನಡೆಯುತ್ತಿರುತ್ತವೆ. ಪ್ರಕರಣ ಖುಲಾಸೆಯಾಗಿದ್ದರೆ ಅಥವಾ ರದ್ದಾಗಿದ್ದರೆ ನ್ಯಾಯಾಲಯದ ಆದೇಶದ ದೃಢೀಕೃತ ಪ್ರತಿಯನ್ನು ಮೊದಲೇ ತೆಗೆದಿಟ್ಟುಕೊಂಡು, ಪರಿಶೀಲನೆಯ ವೇಳೆ ಒದಗಿಸಬೇಕು. ಎಷ್ಟೋ ವೇಳೆ ಮೊಕದ್ದಮೆ ಮುಗಿದಿದ್ದರೂ ಠಾಣೆಯ ಪುಸ್ತಕದಲ್ಲಿ ಮುಗಿದಿರುವುದಿಲ್ಲ. ಪ್ರಕರಣ ಇನ್ನೂ ನಡೆಯುತ್ತಿದ್ದರೆ ವಕೀಲರ ಸಲಹೆ ಪಡೆದು ನ್ಯಾಯಾಲಯದ ಅನುಮತಿಯ ದಾರಿ ಹಿಡಿಯಬೇಕು.

ಮುಚ್ಚಿಡುವುದು ಮಾತ್ರ ಅತ್ಯಂತ ದುಬಾರಿಯ ಮಾರ್ಗ. ಆಸ್ಟ್ರೇಲಿಯದಲ್ಲಿ ಸುಳ್ಳು ದಾಖಲೆ ಅಥವಾ ದಾರಿ ತಪ್ಪಿಸುವ ಮಾಹಿತಿ ಕೊಟ್ಟವರ ಅರ್ಜಿ ತಿರಸ್ಕೃತವಾದರೆ ಮೂರು ವರ್ಷ, ಗುರುತಿನ ವಿಷಯದಲ್ಲಿ ವಂಚಿಸಿದ್ದರೆ ಹತ್ತು ವರ್ಷ ಅನೇಕ ವೀಸಾಗಳಿಗೆ ಬಾಗಿಲು ಮುಚ್ಚುತ್ತದೆ. ಸಣ್ಣ ಪ್ರಕರಣವೊಂದನ್ನು ವಿವರಣೆಯೊಡನೆ ಒಪ್ಪಿಕೊಂಡವರಿಗೆ ವೀಸಾ ದೊರೆಯುವ ಸಾಧ್ಯತೆ ಉಳಿದಿರುತ್ತದೆ. ಸುಳ್ಳು ಹೇಳಿ ಸಿಕ್ಕಿಬಿದ್ದವರಿಗೆ ಅದೂ ಕ್ಷೀಣ.

ಮಧ್ಯವರ್ತಿಗಳ ಬಗೆಗೆ ಎಚ್ಚರ

ಸರ್ಕಾರಿ ಶುಲ್ಕ 500 ರೂಪಾಯಿ ಇರುವ ಕೆಲಸಕ್ಕೆ ಸಾವಿರಾರು ರೂಪಾಯಿ ಕೇಳುವವರಿದ್ದಾರೆ. ಅಧಿಕೃತ ತಾಣವನ್ನೇ ಹೋಲುವ ನಕಲಿ ತಾಣಗಳ ಕುರಿತು ವಿದೇಶಾಂಗ ಸಚಿವಾಲಯವೂ ಎಚ್ಚರಿಕೆ ನೀಡಿದೆ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದೆಯೇ ಎಂದು ನೋಡಿಕೊಂಡ ನಂತರವೇ ಹಣ ಪಾವತಿಸಬೇಕು. ಪಿಸಿಸಿಗೆ ನಿಗದಿಯಾದ ಶುಲ್ಕವನ್ನು ಅರ್ಜಿಯ ಜೊತೆಗೇ ಕಟ್ಟಿರುವುದರಿಂದ, ಪರಿಶೀಲನೆಯ ವೇಳೆ ಯಾರಿಗೂ ಮತ್ತೆ ಹಣ ಕೊಡಬೇಕಾಗಿಲ್ಲ.

ಹೊರದೇಶದಲ್ಲಿ ಈಗ ಕೆಲಸದಲ್ಲಿರುವ ಯುವಕ ಯುವತಿಯರಿಗೆ ಕೊನೆಯದಾಗಿ ಒಂದು ಕಿವಿಮಾತು. ಆ ದೇಶ ಬಿಡುವ ಮುನ್ನ ನಿವಾಸದ ಗುರುತಿನ ಚೀಟಿ, ವೀಸಾ ಪುಟಗಳು, ಬಾಡಿಗೆ ಕರಾರು, ಒಳಬಂದ ಮತ್ತು ಹೊರಟ ದಿನಾಂಕಗಳು ಇವುಗಳ ಪ್ರತಿಯನ್ನು ಜೋಪಾನವಾಗಿ ತೆಗೆದಿಟ್ಟುಕೊಳ್ಳಬೇಕು. ಅಂದು ಮದುವೆಯ ಯೋಚನೆಯೇ ಇಲ್ಲದಿರಬಹುದು. ಆದರೆ ಐದಾರು ವರ್ಷಗಳ ನಂತರ ಶ್ರೀಗಂಧದ ಕಾವಲಿನ ಮನೆಯಲ್ಲಿ ಸೂಟ್‌ಕೇಸ್ ಸಿದ್ಧಪಡಿಸಿಕೊಂಡು ಕುಳಿತ ದಿನ, ಹೊರಡುವ ತಾರೀಖನ್ನು ನಿರ್ಧರಿಸುವುದು ಆ ಹಳೆಯ ಕಾಗದಗಳೇ.